ಥೈಮಸ್‌ನ ಕೋಶಗಳನ್ನು ಎಣಿಸಲು ನಾನು ಕಲಿತ ಬಗೆ

ಎದೆಯ ನಡುಮೂಳೆಯ ಹಿಂದೆ, ಹೃದಯದ ನೆತ್ತಿಯ ಮೇಲೆ ಕೂತಿರುವ ಥೈಮಸ್ ಗ್ರಂಥಿಯನ್ನು ನಾನು ಮೊದಲ ಸಲ ಕೈಯಾರೆ ಹೊರತೆಗೆದದ್ದು ಪಿಎಚ್‌ಡಿಯ ಎರಡನೆಯ ವರ್ಷದಲ್ಲಿ, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ. ಆರು ವಾರದ ಇಲಿಯಲ್ಲಿ ಅದು ಹಿತಕಿದ ಅವರೆಬೇಳೆಯ ಎರಡು ದಳಗಳನ್ನು ಪಕ್ಕಪಕ್ಕದಲ್ಲಿ ಇಟ್ಟಂತೆ ಕಾಣುತ್ತದೆ. ಬಣ್ಣ ಹಾಲುಬಿಳಿ, ಚಿಮುಟದಿಂದ ಕೊಂಚ ಒತ್ತಿದರೂ ಕೋಶಗಳು ಸಣ್ಣ ಮೋಡದಂತೆ ದ್ರಾವಣದೊಳಗೆ ಹರಡಿಕೊಳ್ಳುವಷ್ಟು ಮೃದು. ಆ ಎರಡು ದಳಗಳಲ್ಲಿ 10ರಿಂದ 20 ಕೋಟಿ ಎಳೆಯ ಟಿ ಕೋಶಗಳು, ಅಂದರೆ ಮುಂದೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಇರುತ್ತವೆ. ಅವು ಹೇಗೆ ಬೆಳೆಯುತ್ತವೆ ಎಂಬುದನ್ನು ಪಠ್ಯಪುಸ್ತಕದಿಂದ ಕಲಿಯಲು ನನಗೆ ಒಂದು ತಿಂಗಳು ಸಾಕಾಯಿತು, ಆದರೆ ಅವುಗಳನ್ನು ಸರಿಯಾಗಿ ಎಣಿಸುವುದನ್ನು ಕಲಿಯಲು ಎರಡು ವರ್ಷ ಹಿಡಿಯಿತು. ಈ ಬರಹ ಆ ಎಣಿಕೆಯ ಕುರಿತದ್ದು.

ನಡೆದದ್ದು ಅರ್ಥವಾಗಬೇಕಾದರೆ ಗ್ರಂಥಿಯ ಒಳಗಿನ ದಾರಿಯನ್ನು ಒಮ್ಮೆ ನೋಡಬೇಕು. ಟಿ ಕೋಶದ ಪೂರ್ವಜ ಹುಟ್ಟುವುದು ಅಸ್ಥಿಮಜ್ಜೆಯಲ್ಲಿ. ಅದು ರಕ್ತದೊಡನೆ ಹರಿದುಬಂದು, ಥೈಮಸ್‌ನ ಹೊರಭಾಗವಾದ ಕಾರ್ಟೆಕ್ಸ್ ಮತ್ತು ಒಳಭಾಗವಾದ ಮೆಡುಲ್ಲಾ ಕೂಡುವ ಗಡಿಯಲ್ಲಿ ಒಳಗೆ ಇಳಿಯುತ್ತದೆ. ಹೀಗೆ ಬಂದು ಸೇರಿದ ಆದಿಮ ಕೋಶಗಳು ಎಷ್ಟು ವಿರಳವೆಂದರೆ, ಥೈಮಸ್‌ನ ಹತ್ತು ಸಾವಿರ ಕೋಶಗಳಲ್ಲಿ ಒಂದು ಸಿಕ್ಕರೆ ಹೆಚ್ಚು. ಗ್ರಂಥಿಯ ಹಂದರವಾದ ಎಪಿಥೀಲಿಯಲ್ ಕೋಶಗಳು ನೀಡುವ ನಾಚ್ ಎಂಬ ಸಂಕೇತ ಇವುಗಳನ್ನು ಟಿ ಕೋಶದ ದಾರಿಗೆ ಹಚ್ಚುತ್ತದೆ. ಆ ಸಂಕೇತ ಇಲ್ಲದಿದ್ದರೆ ಅವು ಬೇರೆ ಬಗೆಯ ಕೋಶಗಳಾಗಿ ತಿರುಗಿಬಿಡುತ್ತವೆ. ಸಿಡಿ4, ಸಿಡಿ8 ಎಂಬ ಗುರುತಿನ ಪ್ರೋಟೀನುಗಳಲ್ಲಿ ಒಂದೂ ಮೈಮೇಲೆ ಇಲ್ಲದ ಈ ಹಂತವನ್ನು ನಾವು ಡಬಲ್ ನೆಗೆಟಿವ್ ಎನ್ನುತ್ತೇವೆ. ಸಿಡಿ44 ಮತ್ತು ಸಿಡಿ25 ಎಂಬ ಎರಡು ಗುರುತುಗಳ ಆಧಾರದ ಮೇಲೆ ಅದನ್ನು ಡಿಎನ್1ರಿಂದ ಡಿಎನ್4ರವರೆಗೆ ನಾಲ್ಕಾಗಿ ವಿಂಗಡಿಸುತ್ತೇವೆ. ಕೋಶಗಳು ಈ ಅವಧಿಯಲ್ಲಿ ಗಡಿಯಿಂದ ಗ್ರಂಥಿಯ ಹೊರಪೊರೆಯ ಕಡೆಗೆ ಸಾಗುತ್ತವೆ.

ಡಿಎನ್3 ಹಂತ ಒಂದು ಕಟ್ಟುನಿಟ್ಟಿನ ತಡೆಗೇಟು. ಕೋಶ ಇಲ್ಲಿ ತನ್ನ ಡಿಎನ್‌ಎಯನ್ನೇ ಕತ್ತರಿಸಿ, ತುಂಡುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿ, ಎದುರಿನ ವಸ್ತುವನ್ನು ಗುರುತಿಸುವ ಟಿ ಕೋಶ ಗ್ರಾಹಕದ ಎರಡು ಸರಪಳಿಗಳಲ್ಲಿ ಒಂದಾದ ಬೀಟಾ ಸರಪಳಿಯನ್ನು ಕಟ್ಟಿಕೊಳ್ಳುತ್ತದೆ. ಜೋಡಣೆಯ ಕೀಲಿನಲ್ಲಿ ಅಕ್ಷರಗಳು ಮನಬಂದಂತೆ ಸೇರುತ್ತವೆ, ಬಿಟ್ಟುಹೋಗುತ್ತವೆ. ಹಾಗಾಗಿ ಓದಿನ ಚೌಕಟ್ಟು ಸರಿಯಾಗಿ ಕೂರುವ ಸಾಧ್ಯತೆ ಪ್ರತಿ ಯತ್ನಕ್ಕೆ ಮೂರರಲ್ಲಿ ಒಂದು ಮಾತ್ರ. ಸರಿಯಾಗಿ ಕೂತರೆ ಬೀಟಾ ಸರಪಳಿ ಒಂದು ತಾತ್ಕಾಲಿಕ ಜೊತೆಗಾರ ಪ್ರೋಟೀನಿನೊಡನೆ ಕೂಡಿ ಕೋಶಕ್ಕೆ ಸಂದೇಶ ಕೊಡುತ್ತದೆ, ಕೋಶ ಹಲವು ಸುತ್ತು ವಿಭಜನೆಯಾಗಿ ಸಿಡಿ4 ಮತ್ತು ಸಿಡಿ8 ಎರಡನ್ನೂ ತೊಟ್ಟ ಡಬಲ್ ಪಾಸಿಟಿವ್ ಆಗುತ್ತದೆ. ಕೂರದಿದ್ದರೆ ಅಲ್ಲಿಯೇ ಸಾಯುತ್ತದೆ. ಎಳೆಯ ಇಲಿಯ ಥೈಮಸ್‌ನ ಶೇ. 80ಕ್ಕೂ ಹೆಚ್ಚು ಕೋಶಗಳು ಡಬಲ್ ಪಾಸಿಟಿವ್‌ಗಳೇ.

ಇವುಗಳ ಆಯುಸ್ಸು ಮೂರು ನಾಲ್ಕು ದಿನ. ಅಷ್ಟರಲ್ಲಿ ಗ್ರಾಹಕದ ಆಲ್ಫಾ ಸರಪಳಿಯೂ ಸಿದ್ಧವಾಗಿ, ಕಾರ್ಟೆಕ್ಸ್‌ನ ಎಪಿಥೀಲಿಯಲ್ ಕೋಶಗಳ ಮೇಲಿರುವ ಪ್ರೋಟೀನ್ ತುಣುಕುಗಳನ್ನು ಟಿ ಕೋಶಗಳಿಗೆ ಹಿಡಿದು ತೋರಿಸುವ, ದೇಹದ ಸ್ವಂತ ಎಂಎಚ್‌ಸಿ ಅಣುವನ್ನು ಆ ಗ್ರಾಹಕ ಹದವಾಗಿ ಹಿಡಿಯಬೇಕು. ಹಿಡಿಯಲಾರದವು ಯಾರೂ ಕೊಲ್ಲದೆ, ಕೇವಲ ಬದುಕುವ ಸಂದೇಶ ಸಿಗದೆ ಸಾಯುತ್ತವೆ, ಮತ್ತು ಬಹುಪಾಲು ಕೋಶಗಳ ಗತಿ ಇದೇ. ಎಂಎಚ್‌ಸಿಯ ಎರಡನೆಯ ವರ್ಗವನ್ನು ಹಿಡಿದದ್ದು ಸಿಡಿ4 ಕೋಶವಾಗಿಯೂ, ಮೊದಲ ವರ್ಗವನ್ನು ಹಿಡಿದದ್ದು ಸಿಡಿ8 ಕೋಶವಾಗಿಯೂ ಉಳಿದು ಮೆಡುಲ್ಲಾಕ್ಕೆ ದಾಟುತ್ತವೆ. ಅಲ್ಲಿ ಐರ್ ಎಂಬ ಪ್ರೋಟೀನಿನ ನೆರವಿನಿಂದ ಎಪಿಥೀಲಿಯಲ್ ಕೋಶಗಳು ಇನ್ಸುಲಿನ್‌ನಂಥ, ಬೇರೆಲ್ಲೋ ತಯಾರಾಗುವ ವಸ್ತುಗಳ ತುಣುಕುಗಳನ್ನು ತೋರಿಸುತ್ತವೆ. ದೇಹದ ಸ್ವಂತ ವಸ್ತುವನ್ನು ಬಿಗಿಯಾಗಿ ಹಿಡಿದ ಕೋಶಗಳಲ್ಲಿ ಹೆಚ್ಚಿನವು ಅಲ್ಲಿ ಸಾಯುತ್ತವೆ, ಕೆಲವು ನಿಯಂತ್ರಕ ಟಿ ಕೋಶಗಳಾಗಿ ತಿರುಗುತ್ತವೆ. ಒಂದು ಎಳೆಯ ಇಲಿಯಲ್ಲಿ ದಿನಕ್ಕೆ ಸುಮಾರು 5 ಕೋಟಿ ಹೊಸ ಕೋಶಗಳು ಹುಟ್ಟಿ, 10ರಿಂದ 20 ಲಕ್ಷ ಮಾತ್ರ ರಕ್ತಕ್ಕೆ ಹೊರಡುತ್ತವೆ. ಇಷ್ಟು ಸಾವು ನಡೆಯುವ ಗ್ರಂಥಿಯನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸತ್ತ ಕೋಶಗಳು ಹೆಚ್ಚು ಕಾಣುವುದಿಲ್ಲ, ಏಕೆಂದರೆ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಅವುಗಳನ್ನು ಕೂಡಲೇ ನುಂಗಿಬಿಡುತ್ತವೆ. ಥೈಮಸ್‌ನಲ್ಲಿ ಕಳೆದುಹೋದದ್ದು ಯಾವ ಗುರುತನ್ನೂ ಬಿಟ್ಟಿರುವುದಿಲ್ಲ ಎಂಬ ಈ ಮಾತು ನನ್ನ ಕಥೆಗೆ ಮುಖ್ಯವಾದದ್ದು.

ನನ್ನ ಕೆಲಸವಿದ್ದದ್ದು ಗ್ರಾಹಕದ ಸಂದೇಶವನ್ನು ಕೋಶದೊಳಗೆ ದಾಟಿಸುವ ಸರಪಳಿಯ ಒಂದು ಪ್ರೋಟೀನಿನ ಮೇಲೆ. ಆ ಪ್ರೋಟೀನಿನ ಜೀನ್ ಇಲ್ಲದ ಇಲಿಗಳನ್ನೂ ಇರುವ ಇಲಿಗಳನ್ನೂ ಹೋಲಿಸಿ, ಬೆಳವಣಿಗೆ ಎಲ್ಲಿ ಕುಂಟುತ್ತದೆ ಎಂದು ಹೇಳಬೇಕಿತ್ತು. ವಿಧಾನ ಸರಳ. ಗ್ರಂಥಿಯನ್ನು ಬಿಡಿಸಿ ಮಂಜಿನಷ್ಟು ತಣ್ಣಗಿರುವ ದ್ರಾವಣದಲ್ಲಿ ಇಡುವುದು, 70 ಮೈಕ್ರಾನ್ ಜಾಲರಿಯ ಮೇಲೆ ಸಿರಿಂಜಿನ ದಂಡದ ಬುಡದಿಂದ ಮೆಲ್ಲಗೆ ಉಜ್ಜಿ ಕೋಶಗಳನ್ನು ಬಿಡಿಬಿಡಿಯಾಗಿಸುವುದು, ಸಿಡಿ4ರಂಥ ಗುರುತುಗಳಿಗೆ ಹತ್ತಿಕೊಳ್ಳುವ, ಬಣ್ಣ ಅಂಟಿಸಿದ ಪ್ರತಿಕಾಯಗಳನ್ನು ಹಾಕಿ, ಒಂದೊಂದೇ ಕೋಶದ ಬಣ್ಣವನ್ನು ಅಳೆಯುವ ಫ್ಲೋ ಸೈಟೊಮೀಟರಿನಲ್ಲಿ ಹರಿಸುವುದು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಥೈಮಸ್‌ನ ಮಗ್ಗುಲಲ್ಲೇ ಅಂಟಿಕೊಂಡಿರುವ ಪುಟ್ಟ ದುಗ್ಧಗ್ರಂಥಿಗಳ ಬಗ್ಗೆ. ಅವು ಬಿಳಿಗಿಂತ ತುಸು ಬೂದು, ದುಂಡಗೆ, ಥೈಮಸ್‌ಗಿಂತ ಗಟ್ಟಿ. ಅವುಗಳನ್ನು ಬಿಡಿಸದೆ ಉಜ್ಜಿದರೆ, ಈಗಾಗಲೇ ಬಲಿತು ಹೊರಗೆ ಓಡಾಡುತ್ತಿರುವ ಟಿ ಕೋಶಗಳು ಬೆರೆತು, ಥೈಮಸ್‌ನಲ್ಲೇ ಬಲಿತ ಕೋಶಗಳು ಹೆಚ್ಚಿವೆ ಎಂಬ ಸುಳ್ಳು ಚಿತ್ರ ಮೂಡುತ್ತದೆ. ಮಾದರಿಯಲ್ಲಿ, ಥೈಮಸ್‌ನಲ್ಲಿ ವಿರಳವಾದ ಆದರೆ ದುಗ್ಧಗ್ರಂಥಿಯಲ್ಲಿ ಹೇರಳವಾದ ಬಿ ಕೋಶಗಳ ಪ್ರಮಾಣ ಇದ್ದಕ್ಕಿದ್ದಂತೆ ಏರಿದ್ದರೆ ದುಗ್ಧಗ್ರಂಥಿ ಸೇರಿದೆ ಎಂದು ನಾನು ಅನುಮಾನಿಸುತ್ತೇನೆ.

ಸೈಟೊಮೀಟರಿನ ಪರದೆಯ ಮೇಲೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ, ನಾಲ್ಕು ಚೌಕ. ಆರೋಗ್ಯವಂತ ಇಲಿಯಲ್ಲಿ ಡಬಲ್ ಪಾಸಿಟಿವ್ ಶೇ. 83, ಸಿಡಿ4 ಶೇ. 10, ಸಿಡಿ8 ಶೇ. 4, ಡಬಲ್ ನೆಗೆಟಿವ್ ಶೇ. 3ರ ಆಸುಪಾಸು ನನಗೆ ಸಿಗುತ್ತಿತ್ತು. ಜೀನ್ ಇಲ್ಲದ ನಾಲ್ಕು ಗಂಡು ಇಲಿಗಳನ್ನು ಮೊದಲ ಸಲ ನೋಡಿದ ದಿನ ಡಬಲ್ ಪಾಸಿಟಿವ್ ಶೇ. 38ಕ್ಕೆ ಕುಸಿದಿತ್ತು, ಸಿಡಿ4 ಶೇ. 36ಕ್ಕೆ ಏರಿತ್ತು. ಗ್ರಂಥಿಯೂ ಸಣ್ಣದಿತ್ತು. ಈ ಪ್ರೋಟೀನ್ ಇಲ್ಲದೆ ಡಬಲ್ ಪಾಸಿಟಿವ್ ಹಂತವೇ ಬಾಳುವುದಿಲ್ಲ, ಉಳಿದ ಕೋಶಗಳು ಅವಸರವಾಗಿ ಸಿಡಿ4 ಕಡೆ ಹೊರಳುತ್ತವೆ ಎಂದು ನಾನು ಅಂದು ರಾತ್ರಿಯೇ ಮಾರ್ಗದರ್ಶಕರಿಗೆ ಬರೆದೆ. ಮರುದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: “ಒಟ್ಟು ಎಷ್ಟು ಕೋಶ ಸಿಕ್ಕಿತಮ್ಮ?”

ಸತ್ತ ಕೋಶಗಳಿಗೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಗಾಜಿನ ಚೌಕಳಿಯಲ್ಲಿ ಎಣಿಸಿದ್ದ ಅಂಕಿ ಪುಸ್ತಕದ ಅಂಚಿನಲ್ಲಿ ಇತ್ತು, ಆದರೆ ಅದನ್ನು ಶೇಕಡಾವಾರಿನೊಡನೆ ಗುಣಿಸಿ ನೋಡುವ ಗೋಜಿಗೆ ನಾನು ಹೋಗಿರಲಿಲ್ಲ. ಈಗ ಗುಣಿಸಿದೆ. ಹೋಲಿಕೆಯ ಇಲಿಯಲ್ಲಿ ಒಟ್ಟು 15 ಕೋಟಿ, ಅದರ ಶೇ. 10 ಎಂದರೆ ಸಿಡಿ4 ಒಂದೂವರೆ ಕೋಟಿ. ಜೀನ್ ಇಲ್ಲದ ಇಲಿಯಲ್ಲಿ ಒಟ್ಟು 3.6 ಕೋಟಿ, ಅದರ ಶೇ. 36 ಎಂದರೆ ಸಿಡಿ4 ಸುಮಾರು 1.3 ಕೋಟಿ. ಅಂದರೆ ಸಿಡಿ4 ಹೆಚ್ಚಿರಲೇ ಇಲ್ಲ. ಸಿಡಿ8 ಮತ್ತು ಡಬಲ್ ನೆಗೆಟಿವ್ ಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಡಬಲ್ ಪಾಸಿಟಿವ್‌ಗಳು ಮಾತ್ರ ಹನ್ನೆರಡೂವರೆ ಕೋಟಿಯಿಂದ 1.4 ಕೋಟಿಗೆ ಇಳಿದಿದ್ದವು.

ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತ ಕೂತೆ. ಸಿಡಿ4, ಸಿಡಿ8 ಕೋಶಗಳು ಹುಟ್ಟುವುದೇ ಡಬಲ್ ಪಾಸಿಟಿವ್‌ಗಳಿಂದ, ಮತ್ತು ಹುಟ್ಟಿದ ಮೇಲೆ ಅವು ಮೆಡುಲ್ಲಾದಲ್ಲಿ ನಾಲ್ಕೈದು ದಿನ ಇದ್ದು ಹೊರಡುತ್ತವೆ. ಜೀನ್ ಇಲ್ಲದ ಕಾರಣಕ್ಕೆ ಇಲಿ ಹುಟ್ಟಿದಾಗಿನಿಂದಲೂ ಡಬಲ್ ಪಾಸಿಟಿವ್‌ಗಳ ಬರವಿದ್ದಿದ್ದರೆ, ಕೆರೆ ಬತ್ತಿದ ಮೇಲೆ ಕಾಲುವೆಯಲ್ಲಿ ನೀರು ಇರದಂತೆ, ಬಲಿತ ಕೋಶಗಳೂ ಕಡಿಮೆಯಾಗಿರಬೇಕಿತ್ತು. ಅವು ಕಡಿಮೆಯಾಗಿಲ್ಲ ಎಂದರೆ ಡಬಲ್ ಪಾಸಿಟಿವ್‌ಗಳು ಸತ್ತದ್ದು ಈಚೆಗೆ, ಬಹುಶಃ ಕಳೆದ ಎರಡು ದಿನಗಳ ಒಳಗೆ. ಸತ್ತ ಕೋಶಗಳನ್ನು ಮ್ಯಾಕ್ರೊಫೇಜ್‌ಗಳು ಆಗಲೇ ನುಂಗಿದ್ದರಿಂದ, ನನ್ನ ಮಾದರಿಯಲ್ಲಿ ಸಾವಿನ ಸುಳಿವು ಕೂಡ ಇರಲಿಲ್ಲ.

ಪ್ರಾಣಿಗೃಹಕ್ಕೆ ಹೋಗಿ ಅಲ್ಲಿನ ಹಿರಿಯ ಸಹಾಯಕರನ್ನು ವಿಚಾರಿಸಿದಾಗ ಅವರು ಅದೇ ಪಂಜರದಲ್ಲಿ ಉಳಿದಿದ್ದ ಐದನೆಯ ಇಲಿಯನ್ನು ಬಾಲ ಹಿಡಿದೆತ್ತಿ ತೋರಿಸಿದರು. ಬಾಲದ ಬುಡದಲ್ಲಿ ಹಲ್ಲಿನ ಗುರುತುಗಳು, ಬೆನ್ನಿನ ಮೇಲೆ ಒಣಗಿದ ಗಾಯದ ಹಕ್ಕಳೆ. “ಮೂರು ದಿನದಿಂದ ಕಚ್ಚಾಡ್ತಾನೇ ಇವೆ ಮೇಡಂ. ಬೇರೆ ಬೇರೆ ತಾಯಿ ಮರಿಗಳನ್ನ ಒಂದೇ ಪಂಜರಕ್ಕೆ ಹಾಕಿದ್ರಲ್ಲ, ಗಂಡುಗಳು ಸುಮ್ಮನಿರಲ್ಲ,” ಎಂದರು. ಹಾಕಿದವಳು ನಾನೇ. ಪಂಜರಗಳು ಸಾಲದೆ, ಮೂರು ಬೇರೆ ಬೇರೆ ಸೂಲಿನ ಗಂಡುಗಳನ್ನು ಒಟ್ಟುಗೂಡಿಸಿದ್ದೆ. ಹೋಲಿಕೆಯ ಇಲಿಗಳು ಮಾತ್ರ ಒಡಹುಟ್ಟಿದವುಗಳೊಡನೆ ನೆಮ್ಮದಿಯಾಗಿದ್ದವು. ಮೂರು ದಿನ ಆ ಪ್ರಾಣಿಗಳು ಪಟ್ಟ ಪಾಡು ನನ್ನ ಅನುಕೂಲಕ್ಕಾಗಿ ಆದದ್ದು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಬಾಧೆಗೊಳಗಾದ ದೇಹದಲ್ಲಿ ಥೈಮಸ್ ಕುಗ್ಗುತ್ತದೆ ಎಂಬುದು ಹೊಸ ವಿಷಯವಲ್ಲ. ಒತ್ತಡದ ಬಗ್ಗೆ ಸಂಶೋಧಿಸಿದ ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲೇ ಅದನ್ನು ಬರೆದಿದ್ದರು. ಅಡ್ರಿನಲ್ ಗ್ರಂಥಿ ಸುರಿಸುವ ಸ್ಟೀರಾಯ್ಡ್ ಹಾರ್ಮೋನಿಗೆ ಡಬಲ್ ಪಾಸಿಟಿವ್ ಕೋಶಗಳು ಬಲುಬೇಗ ಬಲಿಯಾಗುತ್ತವೆ, ಏಕೆಂದರೆ ಕೋಶವನ್ನು ಸಾವಿನಿಂದ ಕಾಯುವ ಬಿಸಿಎಲ್-2 ಪ್ರೋಟೀನ್ ಅವುಗಳಲ್ಲಿ ತೀರ ಕಡಿಮೆ. ಅದಕ್ಕೆ ಹಿಂದಿನ ಹಂತದ ಕೋಶಗಳಲ್ಲೂ ಮುಂದಿನ ಹಂತದ ಕೋಶಗಳಲ್ಲೂ ಅದು ಹೆಚ್ಚಿರುವುದರಿಂದ ಅವು ತಾಳಿಕೊಳ್ಳುತ್ತವೆ. ಪ್ರಾಣಿ ನೀತಿ ಸಮಿತಿಯ ಅನುಮತಿ ಪಡೆದು ಮಾಮೂಲಿ ಇಲಿಗಳಿಗೆ ಆ ಹಾರ್ಮೋನಿನಂತೆಯೇ ಕೆಲಸ ಮಾಡುವ ಡೆಕ್ಸಾಮೆಥಸೋನ್ ಔಷಧ ಕೊಟ್ಟು ಎರಡು ದಿನದ ಬಳಿಕ ನೋಡಿದಾಗ, ಜೀನ್ ಇಲ್ಲದ ಇಲಿಗಳಲ್ಲಿ ನಾನು ಕಂಡಿದ್ದ ನಾಲ್ಕು ಚೌಕದ ಚಿತ್ರವೇ ಮತ್ತೆ ಮೂಡಿತು. ನಾನು ಜೀನಿನ ಗುಣವೆಂದು ಬರೆದದ್ದು ಪಂಜರದ ಗುಣವಾಗಿತ್ತು.

ಇದೇ ತಪ್ಪನ್ನು ವೈದ್ಯಶಾಸ್ತ್ರ ಬಹಳ ದೊಡ್ಡ ಪ್ರಮಾಣದಲ್ಲಿ ಮಾಡಿದೆ ಎಂದು ತಿಳಿದದ್ದು ಆಮೇಲೆ. ಶವಪರೀಕ್ಷೆಗೆ ಹೆಚ್ಚಾಗಿ ಬರುತ್ತಿದ್ದವು ದೀರ್ಘ ಕಾಯಿಲೆಯಿಂದಲೋ ಹಸಿವಿನಿಂದಲೋ ನರಳಿ ಸತ್ತವರ ದೇಹಗಳು, ಹಾಗಾಗಿ ಕುಗ್ಗಿದ ಥೈಮಸ್ಸೇ ಸಹಜ ಗಾತ್ರದ್ದು ಎಂದು ಅಂಗರಚನಾಶಾಸ್ತ್ರಜ್ಞರು ನಂಬಿದ್ದರು. ಆರೋಗ್ಯದಿಂದಿದ್ದು ಹಠಾತ್ತನೆ ಸತ್ತ ಕೂಸಿನ ಥೈಮಸ್ ದೊಡ್ಡದಾಗಿ ಕಂಡಾಗ, ಅದೇ ಸಾವಿಗೆ ಕಾರಣವೆಂದು ತೀರ್ಮಾನಿಸಿ, 1889ರಲ್ಲಿ ಆ ಸ್ಥಿತಿಗೆ ಒಂದು ರೋಗದ ಹೆಸರನ್ನೂ ಕೊಟ್ಟರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಎಷ್ಟೋ ಆರೋಗ್ಯವಂತ ಶಿಶುಗಳ ಎದೆಗೆ ಎಕ್ಸ್ ಕಿರಣ ಹಾಯಿಸಿ ಥೈಮಸ್ ಕುಗ್ಗಿಸಿದರು; ಹಾಗೆ ಕಿರಣ ಪಡೆದವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಾಣುತ್ತಿದೆ ಎಂಬ ವರದಿ 1950ರಲ್ಲಿ ಬಂತು. ಥೈಮಸ್ ಇಲ್ಲದೆ ರೋಗನಿರೋಧಕ ವ್ಯವಸ್ಥೆಯೇ ಕಟ್ಟಿಕೊಳ್ಳುವುದಿಲ್ಲ ಎಂದು ಜಾಕ್ ಮಿಲ್ಲರ್ ಲಂಡನ್ನಿನಲ್ಲಿ, ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ತೋರಿಸಿದ್ದು 1961ರಲ್ಲಿ. ಪ್ರಾಣಿ ಹೇಗೆ ಬದುಕಿತ್ತು, ಹೇಗೆ ಸತ್ತಿತು ಎಂಬುದನ್ನು ಕೇಳದೆ ಈ ಗ್ರಂಥಿಯನ್ನು ಓದಲಾಗದು ಎಂಬುದಕ್ಕೆ ಇದಕ್ಕಿಂತ ಸಂಕಟದ ನಿದರ್ಶನ ನನಗೆ ಗೊತ್ತಿಲ್ಲ.

ಮತ್ತೆ ಮೊದಲಿನಿಂದ ಆರಂಭಿಸಿದೆ. ಒಂದೇ ಸೂಲಿನಲ್ಲಿ ಹುಟ್ಟಿದ, ಜೀನ್ ಇರುವ ಮತ್ತು ಇಲ್ಲದ ಮರಿಗಳನ್ನು ಒಂದೇ ಪಂಜರದಲ್ಲಿ ಬೆಳೆಸಿದೆ. ಆರನೆಯ ವಾರದಲ್ಲಿ, ಹಾರ್ಮೋನು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುವುದರಿಂದ ಎಲ್ಲವನ್ನೂ ಬೆಳಗಿನ ಒಂದೇ ಸಮಯದಲ್ಲಿ ನೋಡಿದೆ. ಗಾಯವಿದ್ದ ಇಲಿ, ತೂಕ ಇಳಿದ ಇಲಿ ಲೆಕ್ಕಕ್ಕೆ ಬರಲಿಲ್ಲ. ಈ ಸಲ ಎರಡು ಗುಂಪಿನ ಡಬಲ್ ಪಾಸಿಟಿವ್ ಚೌಕಗಳನ್ನು ನೋಡಿ ಬೇರೆ ಎಂದು ಹೇಳಲಾಗುತ್ತಿರಲಿಲ್ಲ. ನನ್ನ ದೊಡ್ಡ ಸಂಗತಿ ಹೀಗೆ ಕರಗಿಹೋದ ಮೇಲೆ, ಮೊದಲ ಸಲ ನಾನು ಗಮನಿಸದೇ ಬಿಟ್ಟಿದ್ದ ಮೂಲೆಯಲ್ಲಿ ಒಂದು ಸಣ್ಣ ವ್ಯತ್ಯಾಸ ಉಳಿದಿತ್ತು: ಡಬಲ್ ನೆಗೆಟಿವ್‌ಗಳನ್ನು ನಾಲ್ಕಾಗಿ ಬಿಡಿಸಿದಾಗ, ಜೀನ್ ಇಲ್ಲದ ಇಲಿಗಳಲ್ಲಿ ಡಿಎನ್3 ಕೋಶಗಳ ಸಂಖ್ಯೆ ಹೆಚ್ಚು, ಡಿಎನ್4 ಕಡಿಮೆ. ಬೀಟಾ ಸರಪಳಿಯ ತಡೆಗೇಟಿನ ಬಳಿ ಕೋಶಗಳು ಕಾಯುತ್ತಿದ್ದವು. ಶೇ. 3ರಷ್ಟಿರುವ ಕೋಶಗಳ ಒಳಗಿನ ಈ ವ್ಯತ್ಯಾಸವನ್ನು, ಮುಂದಿನ ಹಂತದ ಹಲವು ಸುತ್ತಿನ ವಿಭಜನೆ ಮುಚ್ಚಿಹಾಕಿತ್ತು.

ಇದು ಕೂಡ ದೇಹದ ಇನ್ನಾವುದೋ ತೊಂದರೆಯ ಫಲವಲ್ಲ ಎಂದು ತೋರಿಸಬೇಕಿತ್ತು. ಅದಕ್ಕೆ ಥೈಮಸ್ಸನ್ನು ದೇಹದಿಂದಲೇ ಬೇರ್ಪಡಿಸಿ ಬೆಳೆಸುವ ಭ್ರೂಣಾಂಗ ಕೃಷಿಯನ್ನು ಆರಿಸಿಕೊಂಡೆ. ತಟ್ಟೆಯಲ್ಲಿರುವ ಥೈಮಸ್‌ಗೆ ಅಡ್ರಿನಲ್ ಗ್ರಂಥಿಯ ಹಂಗಿಲ್ಲ. ಗರ್ಭದ ಹದಿನಾಲ್ಕೂವರೆ ದಿನದ ಇಲಿಭ್ರೂಣದಲ್ಲಿ ಎರಡು ದಳಗಳು ಶ್ವಾಸನಾಳದ ಆಚೆ ಈಚೆ ಇರುತ್ತವೆ, ಒಂದೊಂದೂ ಗಸಗಸೆ ಕಾಳಿನಷ್ಟು, ನೆನೆದ ಸಬ್ಬಕ್ಕಿಯಂತೆ ಅರೆಪಾರದರ್ಶಕ. ಕೈಗಡಿಯಾರ ರಿಪೇರಿಯವರು ಬಳಸುವಂಥ ಚೂಪು ಚಿಮುಟಗಳಿಂದ, ಉಸಿರು ಬಿಗಿಹಿಡಿದು ಅವುಗಳನ್ನು ಬಿಡಿಸಬೇಕು. ಪೋಷಕ ದ್ರಾವಣದಲ್ಲಿ ನೆನೆಸಿದ ಸ್ಪಾಂಜಿನ ತುಂಡಿನ ಮೇಲೆ 0.8 ಮೈಕ್ರಾನ್ ರಂಧ್ರದ ಫಿಲ್ಟರ್ ಹಾಸಿ, ಅದರ ಮೇಲೆ ದಳಗಳನ್ನು ಇಡಬೇಕು. ಕೆಳಗಿನಿಂದ ಪೋಷಣೆ, ಮೇಲಿನಿಂದ ಗಾಳಿ, ಎರಡೂ ಬೇಕು. ಮೊದಲ ಎರಡು ಯತ್ನಗಳಲ್ಲಿ ದ್ರಾವಣ ತುಸು ಹೆಚ್ಚು ತುಂಬಿದ್ದರಿಂದ ಫಿಲ್ಟರ್ ಜಾರಿ ದಳಗಳು ಮುಳುಗಿದವು. ಮುಳುಗಿದ ದಳ ಬೆಳೆಯುವುದಿಲ್ಲ, ಉಸಿರುಗಟ್ಟಿ ನಡುವಿನಿಂದ ಕಪ್ಪಾಗುತ್ತದೆ. ಸ್ಪಾಂಜಿನ ಮೇಲಂಚಿಗಿಂತ ಒಂದು ಕೂದಲೆಳೆ ಕೆಳಗೆ ದ್ರಾವಣ ನಿಂತಿರಬೇಕು ಎಂಬ ಅಳತೆ ನನ್ನ ಕಣ್ಣಿಗೆ ಕೂತದ್ದು ಮೂರನೆಯ ಸಲ.

ಇಟ್ಟ ದಿನ ದಳಗಳಲ್ಲಿ ಇರುವುದೆಲ್ಲ ಡಬಲ್ ನೆಗೆಟಿವ್. ನಾಲ್ಕನೆಯ ದಿನದ ಹೊತ್ತಿಗೆ ದಳ ಉಬ್ಬಿ, ಅಂಚು ಮಸುಕಾಗಿ, ಬಿಳಿಗೂಡುತ್ತದೆ. ಒಳಗೆ ಡಬಲ್ ಪಾಸಿಟಿವ್‌ಗಳು ತುಂಬಿಕೊಳ್ಳುತ್ತಿವೆ ಎಂಬುದಕ್ಕೆ ಅದೇ ಗುರುತು. ಇಲ್ಲಿಯೂ ಒಂದು ಕಡೆ ಎಚ್ಚರ ಬೇಕಿತ್ತು. ಡಬಲ್ ಪಾಸಿಟಿವ್ ಆಗುವ ಮುನ್ನ ಕೋಶಗಳು ಸ್ವಲ್ಪ ಕಾಲ ಸಿಡಿ8 ಒಂದನ್ನೇ ತೊಟ್ಟಿರುತ್ತವೆ. ಮೇಲ್ಮೈಯ ಗ್ರಾಹಕವನ್ನೂ ಎಳಸು ಕೋಶಗಳಲ್ಲಿ ಹೆಚ್ಚಿರುವ ಸಿಡಿ24 ಎಂಬ ಗುರುತನ್ನೂ ಜೊತೆಗೆ ಅಳೆಯದಿದ್ದರೆ ಈ ಎಳಸು ಕೋಶಗಳನ್ನು ಬಲಿತ ಸಿಡಿ8 ಕೋಶಗಳೆಂದು ಎಣಿಸಿಬಿಡುತ್ತೇವೆ, ಅದರಲ್ಲೂ ಕೃಷಿಯ ಮೊದಲ ವಾರದಲ್ಲಿ ಸಿಡಿ8 ಚೌಕದಲ್ಲಿರುವುದು ಬಹುತೇಕ ಇವೇ. ಐದನೆಯ ದಿನ ಹೋಲಿಕೆಯ ದಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೋಶಗಳು ಡಬಲ್ ಪಾಸಿಟಿವ್ ಆಗಿದ್ದವು. ಜೀನ್ ಇಲ್ಲದ ದಳಗಳಲ್ಲಿ ಆ ಪ್ರಮಾಣ ತಲುಪಲು ಏಳನೆಯ ದಿನದವರೆಗೆ ಕಾಯಬೇಕಾಯಿತು, ಆ ಎರಡು ದಿನವೂ ಕೋಶಗಳು ಡಿಎನ್3ರಲ್ಲೇ ರಾಶಿಯಾಗಿದ್ದವು. ಪ್ರತಿ ದಳದ ಒಟ್ಟು ಸಂಖ್ಯೆಯನ್ನು ಎಣಿಸಿ, ಗುಣಿಸಿ ಬರೆದಾಗಲೂ ಲೆಕ್ಕ ಹಾಗೆಯೇ ನಿಂತಿತು.

ಆ ರಾಶಿಯಾದ ಡಿಎನ್3 ಕೋಶಗಳ ಒಳಗೆ ಬೀಟಾ ಸರಪಳಿ ಇದೆಯೇ ಎಂದು, ಪೊರೆಯಲ್ಲಿ ರಂಧ್ರ ಮಾಡಿ ಪ್ರತಿಕಾಯ ಹಾಯಿಸಿ ನೋಡಿದ್ದು ಕೊನೆಯ ಪ್ರಯೋಗ. ಜೋಡಣೆ ಸೋತ ಕೋಶಗಳು ಅಲ್ಲಿ ನಿಲ್ಲುವುದು ಸಹಜ. ಜೋಡಣೆ ಗೆದ್ದವೂ ನಿಂತಿದ್ದರೆ ತೊಂದರೆ ಸಂದೇಶದಲ್ಲಿದೆ ಎಂದರ್ಥ. ಹೋಲಿಕೆಯ ದಳಗಳಲ್ಲಿ ಬೀಟಾ ಸರಪಳಿ ಇದ್ದ ಡಿಎನ್3 ಕೋಶಗಳು ಗಾತ್ರದಲ್ಲಿ ಹಿಗ್ಗಿ, ವಿಭಜನೆಗೆ ಸಿದ್ಧವಾಗಿ, ಮುಂದಕ್ಕೆ ಹೊರಟಿದ್ದವು. ಜೀನ್ ಇಲ್ಲದವುಗಳಲ್ಲಿ ಸರಪಳಿ ತಯಾರಾಗಿತ್ತು, ಕೋಶಗಳು ಮಾತ್ರ ಸಣ್ಣದಾಗಿಯೇ ಉಳಿದಿದ್ದವು. ಆ ಚಿತ್ರವನ್ನು ಮಾರ್ಗದರ್ಶಕರ ಮೇಜಿನ ಮೇಲಿಟ್ಟ ದಿನ ಅದರ ಕೆಳಗೆ ಪ್ರತಿ ದಳದ ಕೋಶಗಳ ಸಂಖ್ಯೆಯನ್ನೂ, ತಾಯಿ ಇಲಿ ಯಾವ ಪಂಜರದ್ದು ಎಂಬುದನ್ನೂ ಬರೆದಿದ್ದೆ. ಅವರು ಮೊದಲು ಓದಿದ್ದು ಆ ಸಾಲನ್ನೇ.